ಸೊನ್ನೆ ನೋಡದೆ ತೂಕ ನಂಬದ ಮಾವ

ನಮ್ಮ ಮಾವನವರಿಗೆ ದೇವರ ಮೇಲೆ ಪೂರ್ತಿ ನಂಬಿಕೆಯಿದೆ. ಆದರೆ ತೀರ್ಥ ಕೊಡುವ ಉದ್ಧರಣೆಯ ಅಳತೆಯ ಮೇಲೆ ಇಲ್ಲ!

ಅವರ ತಪ್ಪೇನೂ ಇಲ್ಲ ಬಿಡಿ. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರಾಗಿ ಮೂವತ್ತು ವರ್ಷ ಧಾರವಾಡ ಸೀಮೆಯ ತಕ್ಕಡಿಗಳನ್ನು ಬೆನ್ನಟ್ಟಿದವರು ಇನ್ನು ಹೇಗಿರುತ್ತಾರೆ? ಅತ್ತೆ ತೀರಿಕೊಂಡ ಮೇಲೆ ಆಕ್ಲೆಂಡ್ ನಗರದಂಚಿನ ತಕಾನಿನಿಯ ನಮ್ಮ ಹೊಸ ಮನೆಗೆ ಬಂದರು. ಬೇರೆಯವರ ಮಾವಂದಿರ ಸೂಟ್‌ಕೇಸಿನಲ್ಲಿ ಶೇಂಗಾ ಚಟ್ನಿಪುಡಿ ಇರುತ್ತದೆ. ಇವರದರಲ್ಲಿ ಒಂದು ಕಿಲೋದ ಹಿತ್ತಾಳೆ ತೂಕದ ಕಲ್ಲು! ನಿವೃತ್ತಿಯ ದಿನ ಸಹೋದ್ಯೋಗಿಗಳು ಕೊಟ್ಟದ್ದಂತೆ. ಆಕ್ಲೆಂಡ್ ವಿಮಾನ ನಿಲ್ದಾಣದ ಅಧಿಕಾರಿ ಅದನ್ನೆತ್ತಿ ಇದೇನು ಎಂದು ಕೇಳಿದಳು. ಮಾವನವರು ಗಂಭೀರವಾಗಿ "ವಿಟ್ನೆಸ್" ಅಂದರು.

ಆ ಸಾಕ್ಷಿಯನ್ನು ಅವರು ಒನೆಹುಂಗಾದ ಹಣ್ಣಿನಂಗಡಿಗೂ ಒಯ್ದರು. ನಾನು ಬಾಳೆಹಣ್ಣು ಆರಿಸುತ್ತಿದ್ದಾಗ ಟಣ್ ಎಂದು ಸದ್ದಾಯಿತು. ತಿರುಗಿ ನೋಡಿದರೆ ಅಂಗಡಿಯವಳ ತಕ್ಕಡಿಯ ಮೇಲೆ ನಮ್ಮ ಕಲ್ಲು ಕೂತಿದೆ! ತಕ್ಕಡಿ ಸರಿಯಾಗಿ ಒಂದು ಕಿಲೋ ತೋರಿಸಿತು, ಒಂದು ಗ್ರಾಮೂ ಹೆಚ್ಚುಕಡಿಮೆ ಇಲ್ಲ. ನಾನು ನಾಚಿಕೆಯಿಂದ ಸತ್ತುಹೋಗಿ, "ಬರೋಬ್ಬರಿ ಐತಲ್ರಿ ಮಾವಾರ, ನಡೀರಿ" ಅಂದೆ.

"ಅದಽ ಅಂತೀನಿ. ಇಷ್ಟು ಬರೋಬ್ಬರಿ ಐತಿ ಅಂದ್ರ ಏನೋ ಐತಿ!"

ಕಾರಿನಲ್ಲಿ ನನಗೆ ಪಾಠವಾಯಿತು. "ಯವ್ವಾ, ಮುಳ್ಳು ಎಲ್ಲಿ ನಿಂತೈತಿ ಅಂತ ನೋಡೋದು ಹುಡುಗಾಟಿಕಿ. ಖಾಲಿ ಇದ್ದಾಗ ಸೊನ್ನಿ ತೋರಸ್ತೈತೋ ಇಲ್ಲೋ, ಅದನ್ನ ಮೊದಲ ನೋಡು. ಸೊನ್ನಿ ಸುಳ್ಳಾದ್ರ ಮುಂದಿಂದೆಲ್ಲಾ ಸುಳ್ಳು." ನಾನು ಹೂಂಗುಟ್ಟಿ ರೇಡಿಯೋ ಜೋರು ಮಾಡಿದೆ.

ಕಾಗದಗಳ ವಿಷಯವಂತೂ ಕೇಳಲೇಬೇಡಿ. ಓದದೆ ಸಹಿ ಹಾಕಿದವನ ಕೈ ಕಡಿಯಬೇಕೆಂಬುದು ಅವರ ಸಿದ್ಧಾಂತ. ಕೊರಿಯರ್ ಹುಡುಗಿ ಪಾರ್ಸೆಲ್ ತಂದರೆ ಚೀಟಿಯ ಹಿಂದುಮುಂದು ಎರಡೂ ಓದುತ್ತಿದ್ದರು, ಬೆರಳಿಟ್ಟು, ತುಟಿಯಾಡಿಸುತ್ತಾ. ಅವಳು ಒಮ್ಮೆ ಬಾಗಿಲ ಮೆಟ್ಟಿಲ ಮೇಲೆ ಕೂತು ಊಟದ ಡಬ್ಬಿಯನ್ನೇ ಬಿಚ್ಚಿದಳು. ಚಿಪ್ಸ್ ಪ್ಯಾಕೆಟ್ಟಿನ ಬೆನ್ನನ್ನೂ ಬಿಡದ ಮನುಷ್ಯ!

ಇಂಥವರ ಮುಂದೆ ನನ್ನ ಕನಸನ್ನು ಇಡುವುದು ಹೇಗೆ? ನಾನು ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್. ಇಲ್ಲಿ ರೋಗಿಗೆ ಅರಿವಳಿಕೆ ಕೊಡುವವರು ಡಾಕ್ಟರುಗಳೇ. ಅಮೇರಿಕಾದಲ್ಲಾದರೆ ನರ್ಸುಗಳೂ ಅದನ್ನು ಓದಿ ಆ ಕೆಲಸ ಮಾಡಬಹುದು. ನನಗೆ ಅದನ್ನೇ ಓದಬೇಕೆಂಬ ಹುಚ್ಚು. ಈಸ್ಟ್ ತಮಾಕಿಯ ಕಾರ್ಖಾನೆಯಲ್ಲಿ ಎಂಜಿನಿಯರಾಗಿರುವ ನನ್ನ ಗಂಡ "ನೀನು ಹೋದಲ್ಲಿ ನಾನೂ ಬರ್ತೀನಿ, ಅಪ್ಪನಿಗೆ ನೀನೇ ಹೇಳು" ಎಂದು ಜಾರಿಕೊಂಡ. ಹೇಳಿದೆ.

"ಮಂದೀನ ಮಲಗಸಾಕ ಸಾಲಿ ಬೇಕೇನವಾ? ನಮ್ಮ ಭೂಗೋಳದ ಮಾಸ್ತರು ಸಾಲಿ ಕಲೀಲಾರ್ದ ಮಲಗಸ್ತಿದ್ರು." ಆಮೇಲೆ ಕನ್ನಡಕದ ಮೇಲಿಂದ ನೋಡಿ ಕೇಳಿದರು: "ಎಬ್ಬಸೋದನ್ನೂ ಕಲಸ್ತಾರೇನು?"

ಅಮೇರಿಕಾದ ಆ ಶಾಲೆಗೆ ಅರ್ಜಿ ಹಾಕುವ ಮೊದಲು ಜೀವನ್ಮರಣದ ನಡುವೆ ಇರುವ ರೋಗಿಗಳನ್ನು ನೋಡಿಕೊಂಡ ಅನುಭವ ಬೇಕಿತ್ತು. ಇಲ್ಲಿನ ಆಸ್ಪತ್ರೆಯಿಂದಲೇ ಒಂದೇ ವಾರದಲ್ಲಿ ಎರಡು ಪತ್ರ ಬಂದವು. ಆಪರೇಷನ್ ಆದವರು ಎಚ್ಚರಗೊಳ್ಳುವ ರಿಕವರಿ ವಿಭಾಗದವರು ಕೆಲಸವನ್ನೇ ಕೊಟ್ಟಿದ್ದರು. ಶುಕ್ರವಾರದೊಳಗೆ ಉತ್ತರ ಹೇಳಬೇಕು. ಐಸಿಯುನವರು ಬರೀ ಸಂದರ್ಶನಕ್ಕೆ ಕರೆದಿದ್ದರು. ನನ್ನ ಮನಸ್ಸು ರಿಕವರಿಯ ಕಡೆ. ಹಗಲು ಕೆಲಸ, ಮನೆಗೆ ಹತ್ತಿರ, ಅರಿವಳಿಕೆಯ ಮಗ್ಗುಲಲ್ಲೇ ದಿನವಿಡೀ ಇರಬಹುದು. ಇದಕ್ಕಿಂತ ಒಳ್ಳೆಯ ಅನುಭವ ಬೇರೆ ಯಾವುದು?

"ಆ ಸಾಲಿಯವ್ರು ಇದನ್ನ ಲೆಕ್ಕಕ್ಕ ಹಿಡೀತಾರೇನು?" ಅಂದರು ಮಾವನವರು.

"ಹಿಡೀಲಾರ್ದ ಏನ್ರಿ ಮಾವಾರ? ಅದೂ ಅರಿವಳಿಕೇದ ಕೆಲಸಾನಽ ಅಲ್ರಿ."

"ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ! ನಾನೇ ಅಂದುಕೊಂಡದ್ದು. ಅವರ ಕಾಟ ತಾಳಲಾರದೆ ಬರೆದು ಕೇಳಿದೆ. ಗುರುವಾರ ಉತ್ತರ ಬಂತು: ರಿಕವರಿಯ ಅನುಭವವನ್ನು ನಾವು ಪರಿಗಣಿಸುವುದಿಲ್ಲ, ಐಸಿಯುನಲ್ಲಿ ಕನಿಷ್ಠ ಒಂದು ವರ್ಷ, ಎರಡಾದರೆ ಉತ್ತಮ. ಇವರು ಕೇಳದಿದ್ದರೆ ಎರಡು ವರ್ಷ ಹೊಳೆಗೆ ಹಾಕಿದಂತಾಗುತ್ತಿತ್ತು. ಓಡಿಬಂದು ಕಾಲಿಗೆ ಬೀಳುವಷ್ಟು ಕೃತಜ್ಞತೆಯಿಂದ ಪತ್ರ ತೋರಿಸಿದರೆ, ಅವರು ಅದನ್ನು ಮೂರು ಸಲ ಓದಿ, "ಇದು ಖರೇನ ಸಾಲಿಯವ್ರಽ ಬರದಿದ್ದೇನು?" ಅಂದರು.

ಕೈಯಲ್ಲಿದ್ದ ಕೆಲಸವನ್ನು ಬೇಡವೆಂದು ಹೇಳಿ ಐಸಿಯು ಸಂದರ್ಶನಕ್ಕೆ ಹೋದೆ. ಅಲ್ಲಿ ಕೆಲಸ ಸಿಗದಿದ್ದರೆ ಅದೂ ಇಲ್ಲ, ಇದೂ ಇಲ್ಲ. ಬೆಳ್ಳಿಗೂದಲಿನ ಹಿರಿಯ ನರ್ಸ್ ಕೇಳಿದಳು: "ಮಾನಿಟರಿನಲ್ಲಿ ರೋಗಿಯ ರಕ್ತದೊತ್ತಡ ಇದ್ದಕ್ಕಿದ್ದಂತೆ ಕುಸಿದದ್ದು ಕಾಣುತ್ತದೆ. ಏನು ಮಾಡುತ್ತೀ?"

ಓದಿಕೊಂಡು ಹೋದ ಔಷಧಿಗಳ ಹೆಸರೆಲ್ಲ ಮಾಯವಾದವು. ಕಿವಿಯಲ್ಲಿ ಟಣ್ ಎಂದಿತು.

"ಮೊದಲು ರೋಗಿಯ ಮುಖ ನೋಡುತ್ತೇನೆ. ಆಮೇಲೆ ಯಂತ್ರದ ಸೊನ್ನೆ ನೋಡುತ್ತೇನೆ" ಅಂದೆ.

ಅವಳ ಹುಬ್ಬು ಮೇಲೇರಿತು. ನಾನು ಬಿಡಿಸಿ ಹೇಳಿದೆ: ರಕ್ತನಾಳದೊಳಗೆ ನಳಿಗೆ ಹಾಕಿ ಒತ್ತಡ ಅಳೆಯುವಾಗ ಅಳೆಯುವ ಸಾಧನವನ್ನು ರೋಗಿಯ ಎದೆಯ ಮಟ್ಟಕ್ಕಿಟ್ಟು ಸೊನ್ನೆಗೆ ತರಬೇಕು. ಅದು ತಪ್ಪಿದರೆ ಪರದೆ ಹೇಳುವುದೆಲ್ಲ ಸುಳ್ಳು. ಆ ಸುಳ್ಳಿಗೆ ಔಷಧಿ ಕೊಟ್ಟರೆ ರೋಗಿಗೆ ಅಪಾಯ. ಇದನ್ನು ಯಾರು ಕಲಿಸಿದರು ಎಂದು ಕೇಳಿದಳು. "ನನ್ನ ಮಾವ. ತರಕಾರಿ ತಕ್ಕಡಿಗಳ ಇನ್ಸ್‌ಪೆಕ್ಟರ್" ಅಂದೆ. ಅವಳು ನಕ್ಕಳು, ಕೆಲಸ ಕೊಟ್ಟಳು.

"ನಕ್ಕೋತ ಕೊಟ್ಲೇನು? ಕರಾರುಪತ್ರ ತಾ ಇಲ್ಲಿ" ಅಂದರು ಮಾವ.

ಐಸಿಯುನಲ್ಲಿ ನನ್ನ ಎರಡನೆಯ ವರ್ಷ ಮುಗಿಯುತ್ತಾ ಬಂತು. ಶಾಲೆಯ ಅರ್ಜಿ ತಯಾರಾಗಿತ್ತು. ಆದರೆ ಮಾವನವರ ಒಪ್ಪಿಗೆ ಮಾತ್ರ ಬಾಯಿಂದ ಬಂದಿರಲಿಲ್ಲ. ಅದಿಲ್ಲದೆ ಕಳಿಸಲು ನನಗೆ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಅವರಿಗೇ ಹರ್ನಿಯಾ ಆಪರೇಷನ್ ಬಂತು. ಆ ದಿನ ಅರಿವಳಿಕೆ ಕೊಡುವ ಡಾಕ್ಟರು ಮಾತಾಡಿಸಲು ಬಂದರು. ಮಾವನವರ ಪ್ರಶ್ನೆಗಳಿಗೆ ನಾನೇ ದುಭಾಷಿ.

"ಮಶೀನಿನ ಸೊನ್ನಿ ನೋಡ್ಯಾರೇನು, ಕೇಳು."

ಕೇಳಿದೆ. ಡಾಕ್ಟರು ಮುಗುಳ್ನಕ್ಕು, ಬೆಳಗ್ಗೆಯೇ ಎರಡು ಸಲ ಪರೀಕ್ಷಿಸಿದ್ದೇನೆ ಅಂದರು.

"ಎರಡ ಸಲ ಯಾಕಂತ? ಮೊದಲನೇದು ತಪ್ಪಿತ್ತೇನು?"

ಇದನ್ನು ನಾನು ಅನುವಾದಿಸಲಿಲ್ಲ!

ಆಪರೇಷನ್ನಿನ ಒಪ್ಪಿಗೆಯ ಕಾಗದ ಕೈಗೆ ಬಂತು. ಎರಡು ಪುಟ, ಸಣ್ಣಕ್ಷರ. ಇನ್ನು ಅರ್ಧ ಗಂಟೆ ಹೋಯಿತು ಅಂದುಕೊಂಡು ಕುರ್ಚಿ ಎಳೆದು ಕೂತೆ. ಮಾವನವರು ಕಾಗದದ ಕಡೆ ನೋಡಲೂ ಇಲ್ಲ. ಕನ್ನಡಕ ತೆಗೆದು ನನ್ನ ಕೈಗಿಟ್ಟರು.

"ನೀ ಓದಿಯೇನು?"

"ಓದೀನ್ರಿ."

"ಎಬ್ಬಸ್ತಾರಂತೇನು?"

"ಎಬ್ಬಸ್ತಾರ್ರಿ ಮಾವಾರ."

"ಪೆನ್ನು ಕೊಡು."

"ಒಮ್ಮೆ ನೀವೂ ಓದ್ರಿ."

"ನೀ ಓದಿಯಲ್ಲಾ, ಸಾಕು." ಸಹಿ ಹಾಕಿದರು. ತೋರಿಸಿದ ಜಾಗದಲ್ಲಿ, ಒಂದೇ ಏಟಿಗೆ. ಆಮೇಲೆ ಸೂರಿನ ಕಡೆ ನೋಡುತ್ತಾ, "ಆ ಸಾಲಿಗೆ ಅರ್ಜಿ ಹಾಕು. ಮಲಗಿದವ್ರ ತಲಿಕಡೆ ನಿನ್ನಂಥಾಕಿ ನಿಂತಿರಬೇಕು" ಅಂದರು.

ಮಂಚವನ್ನು ಒಳಗೆ ತಳ್ಳಿಕೊಂಡು ಹೋಗಲು ಆಳು ಬರುವುದಕ್ಕೆ ಇನ್ನೂ ಸಮಯವಿತ್ತು. ನನಗೆ ಕಣ್ಣು ಮಂಜಾಗಿ ಅಕ್ಷರ ಕಾಣುತ್ತಿರಲಿಲ್ಲ. ಆದರೂ ಆ ಕಾಗದ ತೆಗೆದುಕೊಂಡು ಬೆರಳಿಟ್ಟು, ತುಟಿಯಾಡಿಸುತ್ತಾ, ಮೊದಲ ಸಾಲಿನಿಂದ ಮತ್ತೊಮ್ಮೆ ಓದತೊಡಗಿದೆ. ಅವರು ನಂಬಿಬಿಟ್ಟಿದ್ದರಲ್ಲ, ಇನ್ನು ಸಂಶಯ ಪಡಬೇಕಾದವಳು ನಾನೇ ಆಗಿದ್ದೆ.