ರಾಗಿ ಇಲಿಗೆ ನಾನು ಹಾಕಿದ್ದು ಊಟವಲ್ಲ

ಇಲಿಗೆ ಊಟ ಹಾಕುವುದರಲ್ಲಿ ತಪ್ಪಾಗಲು ಏನಿದೆ? ಎಸ್ಸೆಸ್ಸೆಲ್ಸಿ ಪಾಸಾದ, ಮೂರು ಮಕ್ಕಳನ್ನು ಸಾಕಿದ ಮನುಷ್ಯ ನಾನು!

ಮೊಮ್ಮಗಳು ಸಿರಿ ಬಿಎಸ್ಸಿ ಓದುತ್ತಾಳೆ. ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆಂದು ನಮ್ಮ ವಿಜಯನಗರದ ಮನೆಯ ಬಾಲ್ಕನಿಯಲ್ಲಿ, ಬೇರೆ ಬೇರೆ ಪಂಜರದಲ್ಲಿ, ಎರಡು ಬಿಳಿ ಇಲಿ ಸಾಕಿದ್ದಳು. ಒಂದಕ್ಕೆ ಬರೀ ರಾಗಿ ಉಂಡೆ, ಇನ್ನೊಂದಕ್ಕೆ ಬೆಣ್ಣೆ ಕಲಸಿದ ಉಂಡೆ. ಯಾವುದು ಎಷ್ಟು ತಿಂದು ಎಷ್ಟು ದಪ್ಪವಾಗುತ್ತದೆ ಎಂದು ನೋಡಬೇಕಂತೆ. ಹತ್ತು ದಿನದ ಟೂರ್ ಹೊರಡುವಾಗ ಕೈಮುಗಿದು ಹೇಳಿದಳು: "ತಾತ, ರಾಗಿ ಇಲಿಗೆ ಬೇರೆ ಊಟ ಹಾಕ್ಬೇಡ. ನನ್ನ ಪ್ರಾಜೆಕ್ಟೇ ಹಾಳಾಗುತ್ತೆ."

"ಊಟ ತಾನೇ? ಒಂದಗುಳೂ ಹಾಕಲ್ಲ ಕಣೇ!"

ಮಾತು ಉಳಿಸಿಕೊಂಡೆ. ಅನ್ನ, ಸಾರು, ಮುದ್ದೆ ಏನೂ ಹಾಕಲಿಲ್ಲ. ಆದರೆ ವಾಕಿಂಗ್ ನೆಪದಲ್ಲಿ ಪಾರ್ಸೆಲ್ ತಂದ ಮಸಾಲೆ ದೋಸೆಯನ್ನು ನಾನು ಬಾಲ್ಕನಿಯಲ್ಲಿ ಕದ್ದು ತಿನ್ನುವಾಗ, ಆ ಇಲಿ ಕಂಬಿ ಹಿಡಿದು ನಿಂತು ನನ್ನನ್ನೇ ನೋಡುತ್ತಿತ್ತು. ಒಂದು ಚೂರು ಕೊಟ್ಟೆ. ಸಂಜೆ ನಿಪ್ಪಟ್ಟು. ಮರುದಿನ ಖಾರಾಬಾತ್. ಜೊತೆಗೆ ಕೇಸರಿಬಾತ್ ಇಲ್ಲದಿದ್ದರೆ ಹೇಗೆ?

ದೋಸೆ ಊಟವೇ? ಬೆಂಗಳೂರಲ್ಲಿ ಯಾರನ್ನಾದರೂ ಕೇಳಿ. ತಿಂಡಿ!

ವಾಪಸ್ ಬಂದ ಸಿರಿ ಇಲಿಗಳನ್ನು ತೂಗಿ ಕಿರುಚಿದಳು. "ಅಜ್ಜೀ! ಇದು ರಾಗಿ ಮುಟ್ಟೇ ಇಲ್ಲ, ಆದ್ರೂ ಬೆಣ್ಣೆ ಇಲಿಗಿಂತ ದಪ್ಪ ಆಗಿದೆ! ಹೊಸ ಸಂಶೋಧನೆ! ತಡಿ, ಮೇಡಂಗೆ ಫೋನ್ ಮಾಡ್ತೀನಿ."

ಈ ಮಗು ನಾಳೆ ಸಭೆಯ ಮುಂದೆ ನಿಂತು, ಉಪವಾಸವಿದ್ದರೆ ಮೈ ಬರುತ್ತದೆ ಎಂದು ಸಾರುತ್ತದಲ್ಲ!

"ಫೋನ್ ಇಡು ಸಿರಿ. ನಾನು ಊಟ ಹಾಕಿಲ್ಲಮ್ಮ. ತಿಂಡಿ... ಹಾಕಿದೆ."

"ಏನ್ ತಿಂಡಿ?"

"ದೋಸೆ. ನಿಪ್ಪಟ್ಟು. ಸ್ವಲ್ಪ ಕೇಸರಿಬಾತ್."

ಸಿರಿ ಫೋನ್ ಕೆಳಗಿಟ್ಟಳು. ಅಷ್ಟರಲ್ಲಿ ನನ್ನ ಹೆಂಡತಿ ಶಾರದೆ ಸೌಟು ಹಿಡಿದೇ ಬಂದಳು.

"ಒಂದ್ನಿಮಿಷ ರೀ. ಈ ಮನೇಲಿ ಬೆಳಗ್ಗೆ ಗಂಜಿ. ಇಲಿಗೆ ದೋಸೆ ಎಲ್ಲಿಂದ ಬಂತು? ನಿಮ್ಮ ಶುಗರ್‌ಗೆ ಡಾಕ್ಟ್ರು ಏನ್ ಹೇಳಿದ್ರು?"

"ಊಟದಲ್ಲಿ ಪಥ್ಯ ಅಂದ್ರು. ತಿಂಡಿ ವಿಷಯ ಎತ್ತಲೇ ಇಲ್ಲ ಕಣೇ!"

ಅಂದಮೇಲೆ ಹೊಳೆಯಿತು, ಅನ್ನಬಾರದಿತ್ತು.

ಶಾರದೆ ನನ್ನನ್ನೂ ತೂಕದ ಯಂತ್ರ ಹತ್ತಿಸಿದಳು. ಮುಳ್ಳು ನೋಡಿ ಮೂವರೂ ಬೆಚ್ಚಿದೆವು. ಇಲಿ ಎಷ್ಟೋ ವಾಸಿ!

ಸಿರಿಗೆ ಪ್ರದರ್ಶನ ತಪ್ಪಿತು. ಮೇಡಂ ಮುಂದಿನ ಸಲಕ್ಕೆ ಅವಕಾಶ ಕೊಟ್ಟಿದ್ದಾರೆ, ತಾತನನ್ನು ದೂರ ಇಡಬೇಕೆಂಬ ಷರತ್ತಿನ ಮೇಲೆ. ಈಗ ಶಾರದೆ ಒಂದೇ ಹಿಟ್ಟಿನಲ್ಲಿ ನನಗೂ ಇಲಿಗೂ ರಾಗಿ ಉಂಡೆ ಕಟ್ಟುತ್ತಾಳೆ. ಷರತ್ತಿನಂತೆ ಬಾಲ್ಕನಿಯ ಬಾಗಿಲೀಚೆ, ಮನೆಯೊಳಗೇ ಕೂತು ನುಂಗುತ್ತೇನೆ. ಇಲಿ ಇವತ್ತೂ ಕಂಬಿ ಹಿಡಿದು ನನ್ನನ್ನೇ ನೋಡುತ್ತದೆ.

ಆಸೆಯಿಂದಲ್ಲ. ಅಯ್ಯೋ ಪಾಪ ಅಂತ!