ಉಪ್ಪುನೀರು, ನಾಲ್ಕು ಗೂಟ ಮತ್ತು ನಮ್ಮ ಮಾವ

1984ರ ಮೇ 14, ಸೋಮವಾರ, ಸಂಜೆ ಆರು ಹತ್ತಕ್ಕೆ ಇದನ್ನು ಬರೆಯಲು ಕೂತಿದ್ದೇನೆ. ಬಲ ಅಂಗೈಯಲ್ಲಿ ಎರಡು ಬೊಬ್ಬೆ, ಎಡ ಅಂಗೈಯಲ್ಲಿ ಒಂದು. ಮೂರಕ್ಕೂ ನಮ್ಮ ಸೋದರಮಾವನೇ ಕಾರಣ.

ಜನ ಊರು ನೋಡಲು ಹೋದರೆ ತಲೆ ಎತ್ತಿ ನೋಡುತ್ತಾರೆ. ನಮ್ಮ ಮಾವ ನೆಲ ನೋಡುತ್ತಾರೆ. ಇಪ್ಪತ್ತು ವರ್ಷ ತುಮಕೂರಿನಲ್ಲಿದ್ದೂ ದೇವರಾಯನದುರ್ಗದ ಬೆಟ್ಟ ಹತ್ತಿಲ್ಲ. “ಮೇಲಿರೋದು ಎಲ್ರಿಗೂ ಕಾಣ್ತದೆ, ಅದ್ರಲ್ಲೇನೈತೆ?” ಎನ್ನುತ್ತಾರೆ. ಅವರ ಪ್ರಕಾರ ನಿಜವಾದ ಊರೆಲ್ಲ ಇರುವುದು ಕೆಳಗೆ.

ಇದಕ್ಕೆಲ್ಲ ಮೂಲ ಅವರು ಬೆಳೆದ ಊರು ಗುಬ್ಬಿ. ಮಾವನಿಗೆ ಎಂಟು ವರ್ಷವಾಗಿದ್ದಾಗ ಅವರ ಓಣಿಯಲ್ಲಿ ಯಾರೋ ಮನೆಗೆ ಪಾಯ ತೋಡಿಸುತ್ತಿದ್ದರು. ಆ ಗುಂಡಿಯೊಳಗೆ ಹಳೆಯ ಕಲ್ಲಿನ ಮೆಟ್ಟಿಲುಗಳು ಇಳಿದುಹೋಗುವುದನ್ನು ಮಾವ ಕಂಡರು. ಏಳು ಮೆಟ್ಟಿಲು. ಮಾರನೆಯ ದಿನ ತಾತನನ್ನು ಎಳೆದು ತರುವಷ್ಟರಲ್ಲಿ ಮಣ್ಣು ಮುಚ್ಚಿತ್ತು. ಸುಳ್ಳು ಹೇಳಿದ್ದಕ್ಕೆ ತಾತ ಕೋಲು ತೆಗೆದುಕೊಂಡರು. ಹಿಂದಿನ ದಿನ ಜೊತೆಗಿದ್ದ ಅಕ್ಕ, ಅಂದರೆ ನಮ್ಮಮ್ಮ, “ನಂಗೇನೂ ಕಾಣ್ಲಿಲ್ಲಪ್ಪ” ಎಂದಳು. ಅಲ್ಲಿಂದ ಸಾಯುವವರೆಗೂ ತಾತ ಮಾವನ ಒಂದು ಮಾತನ್ನೂ ನಂಬಲಿಲ್ಲ. ಮಳೆ ಬರ್ತಿದೆ ಎಂದು ಮಾವ ಹೇಳಿದರೆ ಕಿಟಕಿಯಿಂದ ಕೈ ಚಾಚಿ ನೋಡುತ್ತಿದ್ದರಂತೆ. ತಾನು ಸುಳ್ಳುಗಾರನಲ್ಲ ಎಂದು ತೋರಿಸುವುದೇ ಮಾವನ ಬದುಕಿನ ಕೆಲಸವಾಯಿತು. ಬಿಡುವಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಾರೆ.

ಎರಡು ವರ್ಷದ ಹಿಂದೆ, ಬೋರ್‌ವೆಲ್‌ಗೆ ಜಾಗ ಗುರುತಿಸುವ ಒಬ್ಬರು ತಮ್ಮ ಯಂತ್ರವನ್ನು ಮಾವನ ರೇಡಿಯೋ ಅಂಗಡಿಗೆ ರಿಪೇರಿಗೆ ತಂದರು. ನೆಲಕ್ಕೆ ಸಾಲಾಗಿ ನಾಲ್ಕು ಕಬ್ಬಿಣದ ಗೂಟ ಹೊಡೆದು, ಹೊರಗಿನ ಎರಡರಿಂದ ಕರೆಂಟು ಬಿಟ್ಟು, ಒಳಗಿನ ಎರಡರಲ್ಲಿ ಅಳೆಯುವುದು. ನೀರಿರುವಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ಕಲ್ಲಿರುವಲ್ಲಿ ಮುಷ್ಕರ ಹೂಡುತ್ತದೆ. ಗೂಟಗಳು ದೂರವಾದಷ್ಟೂ ಹೆಚ್ಚು ಆಳದಲ್ಲಿರುವುದು ತಿಳಿಯುತ್ತದೆ. ಮಾವ ಅದನ್ನು ರಿಪೇರಿ ಮಾಡಿ ವಾಪಸು ಕೊಡುವ ಮೊದಲು ಅಂಥದ್ದೇ ಇನ್ನೊಂದನ್ನು ಕಟ್ಟಿಕೊಂಡರು. ಗೂಟ ಹೊಡೆಯುವುದು ನಾನು, ಕರೆಂಟು ನೆಲಕ್ಕಿಳಿಯಲೆಂದು ಬುಡಕ್ಕೆ ಉಪ್ಪುನೀರು ಸುರಿಯುವುದು ನಾನು, ಅಂಕಿ ಬರೆದುಕೊಳ್ಳುವುದೂ ನಾನು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತವಳಿಗೆ ಬೇರೆ ಶಿಕ್ಷೆ ಬೇಕೆ?

ನೇರವಾಗಿ ಗುಬ್ಬಿಗೆ ಹೋಗಬಹುದಿತ್ತು. “ಯಂತ್ರ ಮೊದ್ಲು ಪಳಗ್ಲಿ ಕಣೇ” ಎಂದರು ಮಾವ. ಮರಳೂರಿನಲ್ಲಿ ಅವರ ಸ್ನೇಹಿತರೊಬ್ಬರ ಹಿತ್ತಲಲ್ಲಿ ಪಳಗಿಸಿದೆವು. ಮೀಟರಿನ ಮುಳ್ಳು ಧಡಕ್ಕನೆ ಏರಿತು, ಅಂದರೆ ಕೆಳಗೆ ಕಲ್ಲೋ ಟೊಳ್ಳೋ ಇದೆ. “ಪುರಾತನ ಕೋಣೆ,” ಎಂದು ಮಾವ ಪಿಸುಗುಟ್ಟಿದರು. ಎರಡು ಗಂಟೆ ಅಗೆದ ಮೇಲೆ ಚಪ್ಪಡಿ ಸಿಕ್ಕಿತು. ಚಪ್ಪಡಿ ಸರಿಸಿದ ಮೇಲೆ ಅದು ಮನೆಯವರೇ ಮರೆತಿದ್ದ ಕಕ್ಕಸುಗುಂಡಿ ಎಂದು ಮೂಗಿಗೇ ತಿಳಿಯಿತು.

ಆಮೇಲೆ ಕುಣಿಗಲ್ ಕೆರೆಯ ಹತ್ತಿರ ಮೂರು ಭಾನುವಾರ. ನಾಲ್ಕು ಗೂಟ ಕಂಡರೆ ಅಲ್ಲಿಯವರಿಗೆ ಒಂದೇ ಅರ್ಥ. ತೋಟದ ಯಜಮಾನರೊಬ್ಬರು ಎಳನೀರು ಹಿಡಿದು ಬಂದರು.

“ಎಷ್ಟಡೀಗೆ ಸಿಕ್ತದೆ ಸ್ವಾಮಿ?”

“ನಾನು ನೀರು ನೋಡೋನಲ್ಲ. ಹಳೇ ಊರಿನ ಗೋಡೆ ಹುಡುಕ್ತಾ ಇದೀನಿ.”

“ಗೋಡೆ ನಮ್ಮನೇಲೇ ನಾಕವೆ, ಬುಡಿ. ನೀರೆಲ್ಲೈತೆ ಹೇಳಿ.”

“ಅಲ್ನೋಡಿ, ಬರೀ ನೀರು. ಉಪಯೋಗ ಇಲ್ಲ,” ಎಂದು ಮಾವ ಬೇಸರದಿಂದ ಕೈ ತೋರಿಸಿದರು. ಮುಂದಿನ ವಾರ ಯಜಮಾನರು ಅಲ್ಲೇ ಬೋರ್ ಕೊರೆಸಿದರು. ನೀರು ಆಳೆತ್ತರ ಚಿಮ್ಮಿತು. ನನ್ನ ಪುಸ್ತಕದ ಪ್ರಕಾರ ಇದುವರೆಗೆ ಗೂಟ ಹೊಡೆದ ಜಾಗ ಇಪ್ಪತ್ಮೂರು, ಸಿಕ್ಕ ಪ್ರಾಚೀನ ಗೋಡೆ ಸೊನ್ನೆ, ಮಾವ ಬೇಸರಪಟ್ಟಲ್ಲಿ ಜನ ಕೊರೆಸಿ ನೀರು ಕಂಡದ್ದು ಆರು. ಮಾವ ಇದನ್ನು ಸೋಲಿನ ಪಟ್ಟಿ ಎನ್ನುತ್ತಾರೆ.

“ಗುಬ್ಬೀಲಿ ಕಂಡಿದ್ದನ್ನ ಕುಣಿಗಲ್ಲಲ್ಲಿ ಹುಡುಕ್ತೀಯಲ್ಲೋ,” ಎಂದು ಅಮ್ಮ ಪ್ರತಿ ವಾರ ಚುಚ್ಚುತ್ತಿದ್ದಳು. ಕೊನೆಗೆ ಮಾವ ನಿನ್ನೆ ಗುಬ್ಬಿಗೆ ಹೊರಟರು. ಅಮ್ಮನೂ ಸೀರೆ ಬದಲಿಸಿಕೊಂಡು ಬಂದಳು. “ಇವತ್ತಾದ್ರೂ ನಿನ್ನ ಹುಚ್ಚು ಬಿಡ್ಲಿ, ನೋಡೇಬಿಡ್ತೀನಿ.”

ಓಣಿ ಇನ್ನೂ ಮಣ್ಣಿನದೇ. ಪಾಯ ತೋಡಿದ್ದ ಮನೆಯ ಮುಂದೆ ಹನ್ನೊಂದು ಕಾಲಿಗೆ ಶುರು ಮಾಡಿ ಎರಡೂವರೆಯವರೆಗೆ ಗೂಟ ಹೊಡೆದು, ಕಿತ್ತು, ಮತ್ತೆ ಹೊಡೆದೆ. ಎಲ್ಲಿ ಹೊಡೆದರೂ ನೀರು. ಆ ಮನೆಯಾಕೆ ಬಾಗಿಲಿಗೆ ಬಂದು, “ನಲ್ಲಿ ಪೈಪು ಒಡ್ದು ತಿಂಗ್ಳಾಯ್ತು, ಓಣಿಯೆಲ್ಲಾ ನೆನೆದೈತೆ,” ಎಂದರು. ಕೆಳಗೆ ಮೆಟ್ಟಿಲಲ್ಲ, ಅರಮನೆಯೇ ಇದ್ದರೂ ನಿನ್ನೆ ಯಂತ್ರಕ್ಕೆ ಕಾಣುವಂತಿರಲಿಲ್ಲ.

ಮಾವ ಜಗಲಿಯ ಮೇಲೆ ಕೂತು ವೈರು ಸುತ್ತತೊಡಗಿದರು. ಸುತ್ತುತ್ತಲೇ, “ಇರ್ಲೇ ಇಲ್ವೇನೋ ಅಕ್ಕ,” ಎಂದರು. “ಅಪ್ಪಾನೇ ಸರಿ ಅನ್ಸುತ್ತೆ. ಏಳು ಮೆಟ್ಲು ಅಂತ ನಾನೇ ಕಟ್ಕೊಂಡಿರ್ಬೇಕು.”

ಗೆದ್ದ ಅಮ್ಮ ಏನು ಹೇಳುತ್ತಾಳೋ ಎಂದು ನಾನು ನೋಡಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ಏಳಲ್ಲ ಕಣೋ, ಒಂಬತ್ತು. ಕೊನೇ ಎರಡ್ರ ಮೇಲೆ ನೀರು ನಿಂತಿತ್ತು. ನೀನು ಗಿಡ್ಡ, ನಿಂಗೆ ಕಾಣ್ಲಿಲ್ಲ.” ಆಮೇಲೆ ತೀರ ಮೆಲ್ಲಗೆ, “ಅಪ್ಪನ ಕೈಲಿ ಕೋಲಿತ್ತು. ಹೆದ್ರಿಕೊಂಡ್ಬಿಟ್ಟೆ,” ಎಂದಳು.

ಮಾವನ ಕೈಯಲ್ಲಿ ವೈರು ಹಾಗೇ ನಿಂತಿತು. “ಏಳೇ ಮೆಟ್ಲು ಅಕ್ಕ,” ಎಂದರು, ಮತ್ತೆ ವೈರು ಸುತ್ತುತ್ತಾ.

ವಾಪಸು ಬಸ್ಸಿನಲ್ಲಿ ಯಂತ್ರವನ್ನು ನನ್ನ ತೊಡೆಯ ಮೇಲೆ ಹೇರಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ತುಮಕೂರು ಬರುವವರೆಗೂ ಜಗಳ ನಿಲ್ಲಲಿಲ್ಲ.

ಗುಬ್ಬಿಯ ಹಿರಿಯರಲ್ಲಿ ಯಾರಾದರೂ ಆ ಪಾಯದ ಗುಂಡಿಯನ್ನು ಇಣುಕಿ ನೋಡಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಒಂದು ಕಾರ್ಡು ಹಾಕಿ. ಮೆಟ್ಟಿಲುಗಳು ಇದ್ದವೇ ಎಂದು ಬರೆಯುವುದು ಬೇಡ, ಅದು ನಮಗೆ ಗೊತ್ತಾಗಿದೆ. ಎಷ್ಟಿದ್ದವು ಎಂದಷ್ಟೇ ತಿಳಿಸಿ.