ನೆಟ್ಟಗಾದ ಹಾಕಿ ಕೋಲುಗಳು

ಹಾಕಿ ಕೋಲುಗಳನ್ನು ನಾವೇ ಮಾಡಿಸಿಕೊಳ್ಳೋಣ ಎಂಬ ಘನವಾದ ಸಲಹೆ ಕೊಟ್ಟವನು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಒಪ್ಪದಿದ್ದರೆ ಸಾಕ್ಷಿ ಹೇಳಲು ಹತ್ತು ಜನ ತುದಿಗಾಲಲ್ಲಿ ನಿಂತಿದ್ದಾರೆ!

ಆಗ ಯುದ್ಧದ ಕಾಲ. ದೊಡ್ಡಬಳ್ಳಾಪುರದ ಅಂಚಿನಲ್ಲಿ ಬಾಡಿಗೆ ಕಟ್ಟಡದಲ್ಲಿ ನಡೆಯುತ್ತಿದ್ದ ನಮ್ಮ ಸಣ್ಣ ಇಂಟರ್‌ಮೀಡಿಯೆಟ್ ಕಾಲೇಜಿಗೆ ಒಂದು ಮೈದಾನವಿತ್ತು, ಒಂದು ಹಾಕಿ ತಂಡವಿತ್ತು, ಆ ತಂಡಕ್ಕೆ ನಾನು ಕ್ಯಾಪ್ಟನ್ ಆಗಿದ್ದೆ. ಎಲ್ಲಿ ನೋಡಿದರೂ ಹೆಚ್ಚು ಆಹಾರ ಬೆಳೆಯಿರಿ ಎಂಬ ಘೋಷಣೆ. ನಮ್ಮ ಪ್ರಿನ್ಸಿಪಾಲರ ಕಣ್ಣು ಮೈದಾನದ ಮೇಲೆ ಬಿತ್ತು. ನನ್ನನ್ನು ಕರೆಸಿದರು.

"ನೋಡಪ್ಪಾ, ಈ ವರ್ಷ ನಾಲ್ಕು ಪಂದ್ಯ ಇದೆ. ಒಂದು ಗೆದ್ರೂ ಸಾಕು, ಮೈದಾನ ನಿಮ್ದೇ. ಇಲ್ದಿದ್ರೆ ನೇಗಿಲು ಹೂಡ್ಸಿ ರಾಗಿ ಬಿತ್ತಿಸ್ತೀನಿ."

"ಒಂದೇ ಯಾಕೆ ಸಾರ್? ನಾಲ್ಕೂ ಗೆಲ್ತೀವಿ!" ಎಂದೆ.

ಹೊರಗೆ ಬಂದಾಗ ನಮ್ಮ ಸೆಂಟರ್ ಫಾರ್ವರ್ಡ್ ಬಾಷಾ ತಲೆಯ ಮೇಲೆ ಕೈಹೊತ್ತು ಕೂತಿದ್ದ. ತಂಡದಲ್ಲಿ ನಿಜವಾಗಿ ಆಟ ಬರುತ್ತಿದ್ದವನು ಅವನೊಬ್ಬನೇ.

"ಕೋಲೆಲ್ಲಾ ಸೀಳಿಹೋಗವೆ ಕಣೋ. ಪಂಜಾಬಿಂದ ಹೊಸಾವು ಬರ್ತಿಲ್ಲ. ಏನಿಟ್ಕೊಂಡು ಗೆಲ್ತೀಯ?"

"ಪಂಜಾಬಿನೋರು ಕೋಲು ಮಾಡೋದು ಹಿಪ್ಪುನೇರಳೆ ಮರದಲ್ಲಿ. ನಮ್ಮ ಸೀಮೇಲಿ ಹಿಪ್ಪುನೇರಳೆಗೆ ಬರವಾ?"

ಹತ್ತಿರದ ವಿಜಯಪುರದಲ್ಲಿ ನನ್ನ ಸೋದರಮಾವನಿಗೆ ರೇಷ್ಮೆಯ ಕಸುಬು. ಅವರ ತೋಟದ ಬೇಲಿಯಲ್ಲಿದ್ದ ಎರಡು ಹಿಪ್ಪುನೇರಳೆ ಮರಗಳನ್ನು ಕಾಡಿ ಬೇಡಿ ಕಡಿಸಿ, ಗಾಡಿಯಲ್ಲಿ ಹೇರಿಕೊಂಡು ಬಂದು, ನೇಗಿಲು ಮಾಡುವ ವೀರಾಚಾರಿಯ ಮುಂದೆ ಕೆಡವಿದೆ. ಆಚಾರಿ ಮರವನ್ನು ಉಗುರಿನಿಂದ ಕೆರೆದು ನೋಡಿದ.

"ಹಸಿ ಮರ ಕಣಪ್ಪ. ಬೆಂಕೀಲಿ ಕಾಯ್ಸಿ ಬಗ್ಗುಸ್ಬೋದು. ಆದ್ರೆ ಹಗ್ಗ ಕಟ್ಟಿ ಮೂರ್ ತಿಂಗ್ಳು ನೆರಳಲ್ಲಿ ಒಣಗಾಕ್ಬೇಕು."

"ಪಂದ್ಯಕ್ಕಿರೋದು ಹದಿನೈದು ದಿನ ಆಚಾರ್ರೇ!"

"ಮರಕ್ಕೇನ್ ಗೊತ್ತಪ್ಪ ನಿನ್ ಪಂದ್ಯ?"

ಮರಕ್ಕೆ ಗೊತ್ತಿಲ್ಲದ್ದು ಕ್ಯಾಪ್ಟನ್‌ಗೆ ಗೊತ್ತಿರಬೇಕಲ್ಲ! ಹತ್ತನೆಯ ದಿನವೇ ಹಗ್ಗ ಬಿಚ್ಚಿಸಿದೆ. ಹನ್ನೊಂದು ಕೋಲುಗಳು, ಹನ್ನೊಂದು ಸೊಗಸಾದ ಕೊಕ್ಕೆಗಳು. ನನ್ನ ಜೀವಮಾನದಲ್ಲಿ ಅಷ್ಟು ಹೆಮ್ಮೆಪಟ್ಟ ದಿನ ಇನ್ನೊಂದಿಲ್ಲ.

ಮೊದಲ ಪಂದ್ಯದ ಹೊತ್ತಿಗೆ ಕೊಕ್ಕೆಗಳು ಕೊಂಚ ಬಾಯಿ ಬಿಟ್ಟಿದ್ದವು. ಸೋತೆವು. ಎರಡನೆಯ ಪಂದ್ಯದ ಹೊತ್ತಿಗೆ ಇನ್ನಷ್ಟು ಬಿಟ್ಟವು. ಹೆಚ್ಚು ಸೋತೆವು. ಮೂರನೆಯದಕ್ಕೆ ಬರುವಷ್ಟರಲ್ಲಿ ಅವು ದನ ಕಾಯಲು ಮಾತ್ರ ಯೋಗ್ಯವಾಗಿದ್ದವು! ಎದುರು ತಂಡದವರು ನಗುವ ಭರದಲ್ಲಿ ಗೋಲು ಹೊಡೆಯುವುದನ್ನೇ ಎರಡು ಸಲ ಮರೆತರು. ಆದರೂ ಏಳು ಹೊಡೆದರು. ಆ ಸಂಜೆ ತಂಡದವರೆಲ್ಲ ನನ್ನೊಬ್ಬನನ್ನೇ ಬಿಟ್ಟು ಮನೆಗೆ ಹೋದರು. ನನಗೂ ಅಳು ಬಂದಿತ್ತು.

ಉಳಿದದ್ದು ಒಂದೇ ಪಂದ್ಯ. ಹಿಂದಿನ ದಿನ ಕೋಲುಗಳನ್ನೆಲ್ಲ ದನ ನೀರು ಕುಡಿಯುವ ಕಲ್ಲುಬಾನಿಯಲ್ಲಿ ನೆನೆಹಾಕಿ, ಹನ್ನೊಂದು ಜನ ಸೇರಿ ಮಂಡಿ ಕೊಟ್ಟು ಬಗ್ಗಿಸಿ, ಹಗ್ಗ ಬಿಗಿದೆವು. ಆಟಕ್ಕೆ ಇಳಿಯುವಾಗ ಬಿಚ್ಚಿದರೆ, ಆಹಾ, ಪಂಜಾಬಿನ ಕೊಕ್ಕೆಯೇ! ಅರ್ಧ ಆಟ ಮುಗಿಯುವ ಮುನ್ನ ಬಾಷಾ ಒಂದು ಗೋಲು ಹೊಡೆದೇಬಿಟ್ಟ. ಪ್ರಿನ್ಸಿಪಾಲರೂ ಎದ್ದುನಿಂತು ಚಪ್ಪಾಳೆ ತಟ್ಟಿದರು. ಮೈದಾನ ಉಳಿಯಿತು ಎಂದುಕೊಂಡೆವು.

ವಿರಾಮದಲ್ಲಿ ಬಾಷಾ, "ಕೋಲು ಒದ್ದೆ ಕಣೋ, ಕೈ ಜಾರ್ತದೆ" ಎಂದ.

"ಅಷ್ಟೇ ತಾನೇ? ಎಲ್ಲಾ ತಂದು ಬಿಸಿಲಿಗೆ ಹರವ್ರೋ!" ಎಂದು ಕ್ಯಾಪ್ಟನ್ ಆಜ್ಞೆಯಾಯಿತು.

ಆ ಕ್ಯಾಪ್ಟನ್ ಯಾರೆಂದು ಮತ್ತೆ ಹೇಳಬೇಕಾಗಿಲ್ಲ.

ಆಟ ಮತ್ತೆ ಶುರುವಾದಾಗ ಕೊಕ್ಕೆಗಳು ನಮ್ಮ ಕೈಯಲ್ಲೇ, ನಮ್ಮ ಕಣ್ಣೆದುರೇ ನೆಟ್ಟಗಾಗತೊಡಗಿದವು. ಎದುರು ತಂಡದವರು ಒಂದು ಗೋಲು ಹೊಡೆದು ಸರಿಗಟ್ಟಿದರು. ಕೊನೆಯ ನಿಮಿಷದಲ್ಲಿ ಅವರು ವೃತ್ತದೊಳಗಿಂದ ಹೊಡೆದ ಚೆಂಡು ನಮ್ಮ ಗೋಲಿನ ಮುಂದೆ ನನ್ನ ಕಾಲಬಳಿಗೆ ಬಂತು. ಬೀಸಿ ಹೊಡೆಯಲು ಕೋಲಿನಲ್ಲಿ ಕೊಕ್ಕೆಯೇ ಇಲ್ಲ. ತುದಿಯಿಂದ ಬಲವಾಗಿ ತಿವಿದೆ. ಚೆಂಡು ನನ್ನ ಬೂಟಿಗೆ ಬಡಿದು, ಹಿಂದಕ್ಕೆ ಉರುಳಿ, ನಮ್ಮ ಗೋಲ್‌ಕೀಪರನ ಕಾಲುಗಳ ನಡುವೆ ನುಸುಳಿ ಒಳಗೆ ಹೋಯಿತು!

ಮಾರನೆಯ ದಿನ ಇಡೀ ತಂಡ ಪ್ರಿನ್ಸಿಪಾಲರ ಕೋಣೆಯ ಮುಂದೆ ನಿಂತು ಗೋಗರೆಯಿತು. ಅವರು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು.

"ನೀನು ಸೀನಿಯರ್ ಇಂಟರ್ ಅಲ್ವೇನಯ್ಯಾ? ಪಾಸ್ ಮಾಡ್ಕೊಂಡು ಹೋಗ್ತೀಯ ತಾನೇ?"

"ಹೋಗ್ತೀನಿ ಸಾರ್."

"ಇವನು ಹೋದ್ರೆ ಇನ್ನೊಂದು ವರ್ಷ ಮೈದಾನ ಬಿಡ್ತೀನಿ."

ಹೀಗೆ ಮುಂದಿನ ವರ್ಷದ ಭರವಸೆಯೆಲ್ಲ ನನ್ನ ನಿರ್ಗಮನದ ಮೇಲೆ ನಿಂತಿತು. ತಂಡದವರು ಸರದಿಯ ಮೇಲೆ ನನಗೆ ಪಾಠ ಹೇಳಿದರು. ಬಾಷಾ ಗಣಿತದ ಲೆಕ್ಕಗಳನ್ನು ತಾನೇ ಮಾಡಿ, ನನ್ನಿಂದ ಬಾಯಿಪಾಠ ಮಾಡಿಸಿದ. ಅವರು ಹಾಕಿಯನ್ನು ಅಷ್ಟು ಶ್ರದ್ಧೆಯಿಂದ ಆಡಿದ್ದನ್ನು ನಾನು ಕಂಡಿಲ್ಲ.

ಫಲಿತಾಂಶ ಬಂದ ದಿನ ಪತ್ರಿಕೆಯಲ್ಲಿ ನನ್ನ ನಂಬರು ಹುಡುಕಿದವನು ಬಾಷಾ. ಮೇಲಿನಿಂದ ಕೆಳಕ್ಕೆ ನೋಡಿದ. ಕೆಳಗಿನಿಂದ ಮೇಲಕ್ಕೆ ನೋಡಿದ. ಪತ್ರಿಕೆಯನ್ನು ಮಡಿಸಿ ನೆಲದ ಮೇಲೆ ಕೂತುಬಿಟ್ಟ. ಮನೆಯಲ್ಲಿ ನಮ್ಮಪ್ಪ ಕೂಡ ಅಷ್ಟು ದುಃಖಪಡಲಿಲ್ಲ.

ಮುಂಗಾರು ಬಿದ್ದ ಮೇಲೆ ಮೈದಾನವನ್ನು ಉತ್ತು ರಾಗಿ ಬಿತ್ತಿದರು. ಕಳೆ ಕೀಳಲು ವಿದ್ಯಾರ್ಥಿಗಳದೊಂದು ತಂಡವೂ ಆಯಿತು. ಅದಕ್ಕೆ ಬಾಷಾ ಕ್ಯಾಪ್ಟನ್. ನಾನೂ ಹೋಗಿ ಹೆಸರು ಕೊಟ್ಟೆ.

ನನ್ನನ್ನು ಆರಿಸಲಿಲ್ಲ!